ಎಷ್ಟಕ್ಕೆ ಡಿ?

ಸಂಜೆ ಶಾಲೆಯ ಫಲಿತಾಂಶ ಬಂದ ದಿನ ಅತ್ತೆ ಮನೆಯೊಳಗೆ ಕಾಲಿಟ್ಟಾಗ, ಮಾವ ಬೇಳೆಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮರೆತು ಎರಡನೇ ಸಲ ಹಾಕುತ್ತಿದ್ದರು. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ. ಹೆಂಡತಿ ಸಂಜೆ ಶಾಲೆಗೆ ಸೇರಿದಾಗಿನಿಂದ, ಅಂದರೆ ಎರಡು ವರ್ಷದಿಂದ, ಸಂಜೆಯ ಅಡುಗೆ ಅವರ ತಲೆಗೆ ಬಂದಿತ್ತು. ಅವರ ಕೈಯಲ್ಲಿ ಅನ್ನ ಒಂದು ದಿನ ಗಂಜಿಯಾಗುತ್ತಿತ್ತು, ಇನ್ನೊಂದು ದಿನ ಅಕ್ಕಿಯಾಗಿಯೇ ಉಳಿಯುತ್ತಿತ್ತು. ಪಾತ್ರೆ ತೊಳೆಯುವುದು, ಮನೆ ಒರೆಸುವುದು ಸೊಸೆಯ ಪಾಲಿಗೆ ಬಿದ್ದಿತ್ತು. ಲಿಫ್ಟ್ ರಿಪೇರಿ ಮಾಡುವ ಮಗನ ಪಾಲಿಗೆ ಏನೂ ಬಿದ್ದಿರಲಿಲ್ಲ. ಅವನು ಅದನ್ನು ಯಾರಿಗೂ ನೆನಪಿಸುತ್ತಿರಲಿಲ್ಲ.

ಅತ್ತೆಗೆ ಐವತ್ತೆರಡು. ಊರಿನ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ. ವಾರ್ಡುಗಳಿಂದ ಬರುವ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆಗಳನ್ನು ಎಣಿಸಿ ಯಂತ್ರಕ್ಕೆ ಹಾಕುವುದು, ಒಣಗಿಸುವುದು, ಮಡಿಚುವುದು, ಮತ್ತೆ ಎಣಿಸಿ ಮೇಲೆ ಕಳಿಸುವುದು. ಅಲ್ಲಿಯ ಸೂಪರ್‌ವೈಸರ್ ವರ್ಷದ ಕೊನೆಗೆ ನಿವೃತ್ತಳಾಗಲಿದ್ದಳು. ಆ ಜಾಗಕ್ಕೆ ಶಾಲೆಯ ಪ್ರಮಾಣಪತ್ರ ಬೇಕು, ಎಲ್ಲ ವಿಷಯದಲ್ಲೂ ಸಿ ಅಥವಾ ಅದಕ್ಕಿಂತ ಮೇಲಿನ ಶ್ರೇಣಿ ಇರಬೇಕು ಎಂಬುದು ಆಸ್ಪತ್ರೆಯ ನಿಯಮ. ಅದಕ್ಕಾಗಿಯೇ ಅತ್ತೆ ಎರಡು ವರ್ಷ ಕೆಲಸ ಮುಗಿಸಿ, ಒದ್ದೆ ಚಪ್ಪಲಿಯಲ್ಲೇ ತರಗತಿಗೆ ಓಡಿದ್ದರು.

ಊಟಕ್ಕೆ ಕುಳಿತಾಗ ಅವರು ಶ್ರೇಣಿಯ ಚೀಟಿಯನ್ನು ನೀರಿನ ತಂಬಿಗೆಗೆ ಒರಗಿಸಿ ಎಲ್ಲರಿಗೂ ಕಾಣುವಂತೆ ಇಟ್ಟರು. ಭಾಷೆ ಬಿ, ಸಮಾಜ ಬಿ, ವಿಜ್ಞಾನ ಸಿ, ಗಣಿತ ಡಿ.

ಮಗ ನೋಡಿ, ಹೋಗಲಿ ಬಿಡು, ಈ ವಯಸ್ಸಿನಲ್ಲಿ ಇಷ್ಟು ಮಾಡಿದ್ದೇ ದೊಡ್ಡದು ಎಂದ. ಮಾವ, ಇನ್ನಾದರೂ ಅಡುಗೆಮನೆ ಅದರ ಯಜಮಾನಿಯ ಕೈಗೆ ಹೋಗುತ್ತದಲ್ಲ ಎಂದು ಸಂತೋಷವನ್ನು ಮುಚ್ಚಿಡದೆ ಹೇಳಿದರು. ಸೊಸೆ ಮಾತ್ರ ಚೀಟಿಯನ್ನು ಕೈಗೆತ್ತಿಕೊಂಡು ಓದಿದಳು. ಅವಳು ಒಂದು ಮಾಧ್ಯಮಿಕ ಶಾಲೆಯಲ್ಲಿ ಗಣಿತದ ಟೀಚರ್. ಉತ್ತರದ ಮುಂದೆ ಸೆಂಟಿಮೀಟರ್ ಎಂದು ಬರೆಯದಿದ್ದರೂ ಅರ್ಧ ಅಂಕ ಕಡಿಯುವವಳೆಂದು ಮಕ್ಕಳು ಅವಳಿಗೆ 'ಅರ್ಧಾಂಕ ಟೀಚರ್' ಎಂದೇ ಹೆಸರಿಟ್ಟಿದ್ದರು.

"ಡಿ ಅಂದ್ರೆ ಐವತ್ತರ ಕೆಳಗೆ, ಅತ್ತೆ," ಎಂದಳು. "ಇನ್ನೊಂದ್ಸಲ ಕಟ್ಟಬಹುದು."

"ಐವತ್ತರ ಕೆಳಗೆ ಅಂದ್ರೆ ಎಷ್ಟು? ಎಷ್ಟಕ್ಕೆ ಡಿ?"

"ಅದನ್ನ ಹಾಕಲ್ಲ. ಅಕ್ಷರ ಮಾತ್ರ ಕೊಡ್ತಾರೆ."

"ಹಾಗಾದ್ರೆ ಇದೂ ಹಣೆಬರಹದ ಹಾಗೇ ಆಯ್ತು. ಯಾರೋ ಬರೆದಿದ್ದಾರೆ, ನನಗೆ ಓದೋಕಾಗಲ್ಲ," ಎಂದರು ಅತ್ತೆ. ಆಮೇಲೆ ಉಪ್ಪುಪ್ಪಾದ ಬೇಳೆಯನ್ನು ಅನ್ನಕ್ಕೆ ಕಲಸಿಕೊಂಡು ಮಾತಿಲ್ಲದೆ ಉಂಡರು. ಮಾತಾಡುವುದಕ್ಕಿಂತ ಅವರು ಸುಮ್ಮನಿರುವುದು ಹೆಚ್ಚು ಅಪಾಯಕರ ಎಂದು ಮಾವನಿಗೆ ಗೊತ್ತಿತ್ತು. ಅವರು ಇನ್ನೊಂದು ಲೋಟ ನೀರು ಬಗ್ಗಿಸಿಕೊಂಡರು.

ಭಾನುವಾರ ಸೊಸೆ ಊಟದ ಮೇಜಿನ ಮೇಲೆ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕುಳಿತಿದ್ದಾಗ ಅತ್ತೆ ಎದುರಿಗೆ ಬಂದು ಕುಳಿತರು. ಅಂಕದಿಂದ ಈ ಅಕ್ಷರ ಹೇಗೆ ಬರುತ್ತದೆ, ಅದನ್ನು ನನಗೆ ಕಲಿಸಿಕೊಡು ಎಂದರು. ಸೊಸೆಗೆ ಆ ದಿನ ನಲವತ್ತೆರಡು ಪತ್ರಿಕೆ ಮುಗಿಸಬೇಕಿತ್ತು. ತೊಟ್ಟಿಯಲ್ಲಿ ಬೆಳಗಿನ ಪಾತ್ರೆ ಹಾಗೇ ಬಿದ್ದಿದ್ದವು.

"ಎರಡು ವರ್ಷದಿಂದ ದಿನಾ ನಾನೇ ಪಾತ್ರೆ ತೊಳೀತಿದೀನಿ ಅತ್ತೆ. ಓದ್ತಿದಾರೆ ಅಂತ ಒಂದು ಮಾತಾಡಿಲ್ಲ. ಈಗ ಪಾಠಾನೂ ನಾನೇ ಮಾಡ್ಬೇಕಾ?"

ಅತ್ತೆ ಎದ್ದುಹೋಗಿ ಪಾತ್ರೆಯನ್ನೆಲ್ಲ ತೊಳೆದು, ಒರೆಸಿ, ಕವುಚಿ ಹಾಕಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕುಳಿತರು. "ಈಗ ಹೇಳಿಕೊಡು," ಎಂದರು.

ಸೊಸೆಗೆ ನಗು ಬಂದರೂ ತೋರಿಸಿಕೊಳ್ಳಲಿಲ್ಲ. ಕಾಗದ ತೆಗೆದಳು. ಅತ್ತೆ, ತಾವು ಸೇರಿದ ದಿನ ಶಾಲೆಯವರು ಕೊಟ್ಟಿದ್ದ ನಿಯಮಗಳ ಪುಸ್ತಕವನ್ನು ಬಟ್ಟೆಯ ಗಂಟಿನಿಂದ ಹುಡುಕಿ ತಂದರು. ವರ್ಷಕ್ಕೆ ಮೂರು ಕಿರುಪರೀಕ್ಷೆ, ಒಂದೊಂದಕ್ಕೆ ಇಪ್ಪತ್ತು ಅಂಕ. ಮೂರರಲ್ಲಿ ಹೆಚ್ಚು ಅಂಕ ಬಂದ ಎರಡನ್ನು ಮಾತ್ರ ಹಿಡಿಯಬೇಕು, ಅಲ್ಲಿಗೆ ನಲವತ್ತು. ದೊಡ್ಡ ಪರೀಕ್ಷೆಗೆ ಅರವತ್ತು. ಎರಡೂ ಕೂಡಿ ನೂರು. ಅದರಲ್ಲಿ ಐವತ್ತು ಬಂದರೆ ಸಿ.

ಅತ್ತೆಗೆ ಮೊದಲನೆಯದರಲ್ಲಿ ಹದಿಮೂರು, ಮೂರನೆಯದರಲ್ಲಿ ಹನ್ನೆರಡು ಬಂದಿತ್ತು. ಎರಡನೆಯದಕ್ಕೆ ಹೋಗಿರಲಿಲ್ಲ. ಶನಿವಾರ ಸಂಜೆಗೆ ಇದ್ದದ್ದನ್ನು ಬುಧವಾರ ಮಧ್ಯಾಹ್ನಕ್ಕೆ ಬದಲಾಯಿಸಿ, ಬರೀ ಬೋರ್ಡಿನ ಮೇಲೆ ಬರೆದು ಬಿಟ್ಟಿದ್ದರು. ಬುಧವಾರ ಮಧ್ಯಾಹ್ನ ಕೆಲಸ ಬಿಟ್ಟು ಬರಲು ಸಾಧ್ಯವಿದ್ದವರು ಸಂಜೆ ಶಾಲೆಗೆ ಯಾಕೆ ಸೇರುತ್ತಾರೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

"ಹದಿಮೂರು, ಹನ್ನೆರಡು. ಇಪ್ಪತ್ತೈದು ಕೈಲಿದೆ," ಎಂದಳು ಸೊಸೆ. "ದೊಡ್ಡ ಪರೀಕ್ಷೇಲಿ ಇನ್ನು ಇಪ್ಪತ್ತೈದು ಬಂದಿದ್ರೆ ಸಾಕಿತ್ತು. ಅಷ್ಟು ಬಂದಿಲ್ಲ ಅನ್ಸತ್ತೆ."

"ಬಂದಿದೆಯೋ ಇಲ್ವೋ ಕೇಳ್ಕೊಂಡು ಬರ್ತೀನಿ."

ವಾರದ ರಜೆಯ ದಿನ ಅವರು ಶಾಲೆಯ ಕಚೇರಿಯ ಕಿಟಕಿಯ ಮುಂದೆ ನಿಂತರು. ಅಂಕ ಹೇಳುವ ಪದ್ಧತಿ ಇಲ್ಲ ಎಂದ ಗುಮಾಸ್ತ. ಪದ್ಧತಿ ಬರುವ ತನಕ ನಿಂತಿರುತ್ತೇನೆ ಎಂದರು ಅತ್ತೆ. ಹಿಂದೆ ಸಾಲು ಬೆಳೆಯಿತು. ಹತ್ತು ನಿಮಿಷದ ನಂತರ ಆತ ರಿಜಿಸ್ಟರ್ ತೆರೆದು, ಕಿರುಪರೀಕ್ಷೆ ಹದಿನೇಳು, ದೊಡ್ಡ ಪರೀಕ್ಷೆ ಇಪ್ಪತ್ತೇಳು, ಒಟ್ಟು ನಲವತ್ತನಾಲ್ಕು ಎಂದು ಒಂದೇ ಉಸಿರಿನಲ್ಲಿ ಓದಿದ. ಇಪ್ಪತ್ತೈದು ಹದಿನೇಳಾದದ್ದು ಹೇಗೆ ಎಂದು ಕೇಳಿದ್ದಕ್ಕೆ, ಅದನ್ನು ಮಾಡಿದ್ದು ಕಂಪ್ಯೂಟರ್, ತಾನಲ್ಲ ಎಂದು ಕಿಟಕಿ ಮುಚ್ಚಿದ.

ಅಂದು ಸಂಜೆ ಸೊಸೆ ಬೆಳ್ಳುಳ್ಳಿ ಸುಲಿಯುತ್ತ ಆ ಹದಿನೇಳನ್ನು ತಲೆಯಲ್ಲಿ ತಿರುಗಿಸುತ್ತಿದ್ದಳು. ಇದ್ದಕ್ಕಿದ್ದಂತೆ ಚಾಕು ಕೆಳಗಿಟ್ಟಳು. "ಅತ್ತೆ, ನೀವು ಹೋಗದೇ ಇದ್ದ ಪರೀಕ್ಷೆಗೆ ಸೊನ್ನೆ ಹಾಕಿ ಮೂರರಿಂದ ಭಾಗಿಸಿದಾರೆ. ಅದನ್ನ ಎರಡರಿಂದ ಗುಣಿಸಿದ್ರೆ ಹದಿನಾರು ಚಿಲ್ಲರೆ. ಮೇಲಕ್ಕೆ ಎತ್ತಿದ್ರೆ ಹದಿನೇಳು."

"ಅಂದ್ರೆ ಪುಸ್ತಕದಲ್ಲಿ ಒಂದು, ಕಂಪ್ಯೂಟರಲ್ಲಿ ಒಂದು."

"ಹೌದು. ಸರಿಯಾಗಿ ಮಾಡಿದ್ರೆ ಇಪ್ಪತ್ತೈದಕ್ಕೆ ಇಪ್ಪತ್ತೇಳು ಸೇರಿ ಐವತ್ತೆರಡು. ಸಿ."

ಅತ್ತೆ ನಿಯಮಗಳ ಪುಸ್ತಕ ತಂದು ಆ ಸಾಲನ್ನು ಮತ್ತೆ ಓದಿದರು. ಲಾಂಡ್ರಿಗೆ ಬರದೇ ಇದ್ದ ಹೊದಿಕೆಯನ್ನು ಕಳೆದುಹೋಯಿತು ಎಂದು ಬರೆದರೆ ನಮ್ಮನ್ನು ಕೆಲಸದಿಂದ ತೆಗೆಯುತ್ತಾರೆ ಎಂದರು. ಆಮೇಲೆ ತಲೆಯೆತ್ತಿ, "ನಿಮ್ಮ ಸ್ಕೂಲಲ್ಲಿ ಪರೀಕ್ಷೆಗೆ ಬರದೇ ಇದ್ದ ಮಗೂಗೆ ಏನು ಹಾಕ್ತೀಯ?" ಎಂದು ಕೇಳಿದರು.

ಸೊಸೆ ಬೆಳ್ಳುಳ್ಳಿಯ ಸಿಪ್ಪೆಯನ್ನು ಒಟ್ಟುಮಾಡುತ್ತ, "ಸೊನ್ನೆ," ಎಂದಳು. ಅತ್ತೆ ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಅವಳಿಗೆ ವಾಸಿಯೆನಿಸುತ್ತಿತ್ತು.

ಬುಧವಾರದ ಆ ಪರೀಕ್ಷೆ ತಪ್ಪಿಸಿಕೊಂಡವರು ಯಾರ್ಯಾರು ಎಂದು ಅತ್ತೆ ಒಂದು ವಾರ ಹುಡುಕಿದರು. ಇಬ್ಬರು ವಾರ್ಡಿನ ಆಯಾಗಳು, ಬೇಕರಿಯ ಒಲೆ ನೋಡುವವನು, ಒಬ್ಬ ಕಾವಲುಗಾರ, ಕಟ್ಟಡದ ಕೆಲಸದ ಗಂಡ ಹೆಂಡತಿ, ಜೊತೆಗೆ ಲಾಂಡ್ರಿಯಲ್ಲೇ ಒಂಬತ್ತು ವರ್ಷದಿಂದ ಇದ್ದ, ಕೂದಲ ದೆಸೆಯಿಂದ ಎಲ್ಲರೂ ಗುಂಗುರು ಎಂದು ಕರೆಯುವ ಹುಡುಗಿ. ಹುಡುಗಿ ಎಂದರೆ ಅವಳಿಗೂ ಮೂವತ್ತಾಗಿತ್ತು. ಇನ್ನೂ ಮೂವರು, ಅತ್ತೆಯೂ ಸೇರಿ ಒಟ್ಟು ಹನ್ನೊಂದು ಜನ. ಹನ್ನೊಂದು ಜನಕ್ಕೂ ಡಿ. ತಮಗೆ ತಲೆ ಇಲ್ಲ ಎಂದುಕೊಂಡು ಎಲ್ಲರೂ ಅವರವರ ಮನೆಯಲ್ಲಿ ಸುಮ್ಮನಿದ್ದರು. ಅತ್ತೆ ಅರ್ಜಿ ಬರೆದರು, ಸೊಸೆ ಅದರ ಕಾಗುಣಿತ ತಿದ್ದಿದಳು, ಹನ್ನೊಂದೂ ಜನ ಸಹಿ ಹಾಕಿದರು.

ಮೂರು ದಿನದಲ್ಲಿ ಪ್ರಿನ್ಸಿಪಾಲರಿಂದ ಕರೆ ಬಂತು, ಅತ್ತೆಯೊಬ್ಬರಿಗೇ. ಅವರು ಕೂರಿಸಿ ಟೀ ತರಿಸಿದರು. ನಿಮ್ಮ ಶ್ರದ್ಧೆ ಕಂಡು ಸಂತೋಷವಾಗಿದೆ, ಈ ವಯಸ್ಸಿನಲ್ಲಿ ಓದುವವರು ನಮಗೆ ಹೆಮ್ಮೆ, ನಿಮ್ಮದನ್ನು ಸಿ ಮಾಡಿಕೊಡುತ್ತೇವೆ, ಈ ಗುಂಪಿನ ಅರ್ಜಿ ಮಾತ್ರ ವಾಪಸ್ ತೆಗೆದುಕೊಳ್ಳಿ ಎಂದರು. ಇಡೀ ವರ್ಷದ ಲೆಕ್ಕ ತಿದ್ದಬೇಕಾದರೆ ಶಾಲೆಯ ಹೆಸರು ಹೋಗುತ್ತದೆ ಎಂದೂ ಹೇಳಿದರು.

"ನನ್ನದು ಹೇಗೆ ಸಿ ಮಾಡ್ತೀರಿ ಸಾರ್? ಯಾವ ಲೆಕ್ಕದಲ್ಲಿ?"

"ಕೃಪಾಂಕ ಅಂತ ಕೊಡೋಕೆ ನಮಗೆ ಅಧಿಕಾರ ಇದೆ."

"ಕೃಪೆ ನಿಮ್ಮ ಹತ್ರಾನೇ ಇರಲಿ. ಅಂಕ ಕೊಡಿ," ಎಂದು ಅತ್ತೆ ಎದ್ದರು. ಟೀ ಹಾಗೇ ಉಳಿಯಿತು.

ಮನೆಯಲ್ಲಿ ಇದನ್ನು ಹೇಳಿದಾಗ ಮಗ ತಟ್ಟೆ ಸರಿಸಿದ. ಎರಡು ವರ್ಷ ಮನೆಯೆಲ್ಲ ಒದ್ದಾಡಿದ್ದು ಆ ಒಂದು ಅಕ್ಷರಕ್ಕೆ, ಅದು ತಾನಾಗಿ ಮನೆಗೆ ನಡೆದು ಬಂದರೆ ಬಾಗಿಲು ಹಾಕಿ ಬಂದಿದ್ದೀಯಲ್ಲ ಎಂದ. ಬೇಕರಿಯವನೂ ಕಾವಲುಗಾರನೂ ನಿನಗೆ ನಾಳೆ ಏನು ಕೊಡುತ್ತಾರೆ ಎಂದು ಕೇಳಿದ. ಮಾವ ಮಗನ ಕಡೆಗೇ ಇದ್ದರು.

"ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ ಕಣೇ," ಎಂದರು.

"ಆ ದೊಡ್ಡೋರು ಸಂಜೆ ಶಾಲೆಗೆ ಹೋಗಿರ್ಲಿಲ್ಲ," ಎಂದರು ಅತ್ತೆ. "ನನ್ನ ಅಂಕ ನಂದೇ ಆಗಿದ್ರೆ ಅವರು ಕೊಡೋದೇನು, ನಾನು ಈಸ್ಕೊಳ್ಳೋದೇನು? ಇವತ್ತು ಕೃಪೆ ಅಂತ ಕೊಟ್ಟೋರು ನಾಳೆ ಕೃಪೆ ಅಂತಾನೇ ವಾಪಸ್ ಕೇಳ್ತಾರೆ."

ಊಟವಾದ ಮೇಲೆ ಸೊಸೆ ಗಂಡನ ತಟ್ಟೆಯನ್ನು ತೆಗೆಯದೆ ಮೇಜಿನ ಮೇಲೇ ಬಿಟ್ಟಳು. ಬೆಳಗ್ಗೆ ಅದು ಅಲ್ಲೇ ಇತ್ತು. ಅವನು ಅದನ್ನು ನೋಡಿದ, ಹೆಂಡತಿಯನ್ನು ನೋಡಿದ, ತೊಳೆದಿಟ್ಟು ಕೆಲಸಕ್ಕೆ ಹೋದ.

ಶಾಲೆಯವರು ವಿಚಾರಣೆಗೆ ದಿನ ಗೊತ್ತುಮಾಡಿ, ಅರ್ಜಿದಾರರಿಗೆಲ್ಲ ದೊಡ್ಡ ಪರೀಕ್ಷೆಯ ಉತ್ತರ ಪತ್ರಿಕೆಯ ನಕಲು ಕಳಿಸಿದರು. ಅತ್ತೆ ತಮ್ಮದನ್ನು ತಂದು ಸೊಸೆಯ ಕೈಗೆ ಕೊಟ್ಟು, ಕೂಡಿ ನೋಡು, ಇಪ್ಪತ್ತೇಳು ಸರಿಯಾಗಿದೆಯಾ ಎಂದರು. ಸೊಸೆ ಪೆನ್ಸಿಲ್ ಹಿಡಿದು ಒಂದೊಂದೇ ಹಾಳೆ ತಿರುಗಿಸಿದಳು. ಆರನೇ ಪ್ರಶ್ನೆಗೆ ನಾಲ್ಕು ಅಂಕ. ಏಳನೆಯದನ್ನು ಅತ್ತೆ ಬರೆದೇ ಇರಲಿಲ್ಲ. ಆದರೆ ಮೊದಲ ಹಾಳೆಯ ಪಟ್ಟಿಯಲ್ಲಿ ಏಳರ ಮುಂದೆಯೂ ನಾಲ್ಕು ಎಂದಿತ್ತು. ಪತ್ರಿಕೆ ತಿದ್ದಿದ ಮೇಷ್ಟ್ರು ಒಂದೇ ಅಂಕವನ್ನು ಎರಡು ಸಲ ಬರೆದುಬಿಟ್ಟಿದ್ದರು. ನಿಜವಾದ ಮೊತ್ತ ಇಪ್ಪತ್ತಮೂರು. ಇಪ್ಪತ್ತೈದಕ್ಕೆ ಇಪ್ಪತ್ತಮೂರು ಸೇರಿದರೆ ನಲವತ್ತೆಂಟು. ಸರಿಯಾದ ಲೆಕ್ಕದಲ್ಲೂ ಡಿ.

ಅರ್ಧ ಅಂಕಕ್ಕೂ ಮಕ್ಕಳನ್ನು ಅಳಿಸಿದ್ದ ಟೀಚರ್ ಪೆನ್ಸಿಲನ್ನು ಕೆಳಗಿಟ್ಟು, "ಸರಿಯಾಗಿದೆ ಅತ್ತೆ," ಎಂದಳು.

ಅತ್ತೆ ನಂಬಿದರು. ಆದರೆ ಇಪ್ಪತ್ತೆರಡು ವರ್ಷ ಬಟ್ಟೆ ಎಣಿಸಿದ ಕೈ ಸುಮ್ಮನಿರುವುದಿಲ್ಲ. ಮರುದಿನ ಮಧ್ಯಾಹ್ನ ಬ್ರೆಡ್ಡು ಮೊಟ್ಟೆ ತಿನ್ನುತ್ತ, ಬಿಸಿ ಹೊದಿಕೆಗಳ ರಾಶಿಗೆ ಒರಗಿ, ಸುಮ್ಮನೆ ಇನ್ನೊಂದು ಸಲ ಕೂಡಿದರು. ಇಪ್ಪತ್ತಮೂರು ಬಂತು. ಕೆಳಗಿನಿಂದ ಮೇಲಕ್ಕೆ ಕೂಡಿದರು. ಆಗಲೂ ಇಪ್ಪತ್ತಮೂರೇ.

ಸಂಜೆ ಅವರು ಚಪ್ಪಲಿ ಬಿಡದೆ ನೇರ ಅಡುಗೆಮನೆಗೆ ಹೋಗಿ ನಕಲನ್ನು ಸೊಸೆಯ ಮುಂದೆ ಹಿಡಿದರು. "ನೀನು ಗಣಿತದ ಟೀಚರ್. ಇದು ನಿನ್ನ ಕಣ್ಣಿಗೆ ಬೀಳಲಿಲ್ಲ ಅಂತ ಹೇಳ್ಬೇಡ."

"ಬಿತ್ತು," ಎಂದಳು ಸೊಸೆ.

"ಮತ್ತೆ ಯಾಕೆ ಸುಳ್ಳು ಹೇಳ್ದೆ?"

"ನಿಮಗೋಸ್ಕರ ಹೇಳ್ದೆ. ತಪ್ಪು ಮಾಡಿದ್ದು ಅವರು. ಅವರ ಹತ್ತು ತಪ್ಪಲ್ಲಿ ಒಂದು ತಪ್ಪು ನಿಮ್ಮ ಕಡೆಗೆ ಬಿದ್ರೆ ಬೀಳಲಿ."

ಮಾವನೂ ಮಗನೂ ಬಂದು ಬಾಗಿಲಲ್ಲಿ ನಿಂತರು. ಸಂಗತಿ ತಿಳಿದ ಮೇಲೆ ಮಗ ಮೊದಲ ಸಲ ಹೆಂಡತಿಯ ಪರ ವಹಿಸಿದ. ಯಾರೂ ಕಂಡುಹಿಡಿಯುವುದಿಲ್ಲ, ಅಷ್ಟು ಶ್ರದ್ಧೆ ಇದ್ದಿದ್ದರೆ ಮೊದಲೇ ಕಂಡುಹಿಡಿಯುತ್ತಿದ್ದರು ಎಂದ. ಮಾವ ನಾಲ್ಕಂಕ ಏನು ಮಹಾ ಎಂದರು, ಬಸ್ಸಿನಲ್ಲಿ ನಾಲ್ಕು ಜನ ಹೆಚ್ಚಿಗೆ ಹತ್ತಿದರೆ ಯಾರೂ ಇಳಿಸುವುದಿಲ್ಲ.

ಅತ್ತೆ ಗೋಡೆಗೆ ಒರಗಿ ನಿಂತು ಎಲ್ಲರ ಮಾತು ಮುಗಿಯಲು ಬಿಟ್ಟರು. "ನಾನು ಅಲ್ಲಿ ಹೋಗಿ ಕೂತ್ಕೊಂಡು ಲೆಕ್ಕ ತಪ್ಪು ಅನ್ನಬೇಕು. ಅವರು ನನ್ನ ಪತ್ರಿಕೆ ತಿರುಗಿಸ್ತಾ ಇರ್ತಾರೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಹಾಗೆ ನಾನು ಕೂರಬೇಕಾ? ಅವರ ಕಣ್ಣಿಗೆ ಅದು ಮೊದಲು ಬಿದ್ರೆ ಹನ್ನೊಂದು ಜನಾನೂ ಕಳ್ಳರು ಅಂತಾರೆ. ಬೇಕರಿಯವನ ಮುಖ ನಾನು ಹೇಗೆ ನೋಡ್ಲಿ?"

"ನಿಮ್ಮ ಕೆಲಸ, ಅತ್ತೆ?" ಎಂದಳು ಸೊಸೆ.

"ಹೋಗಲಿ. ಮತ್ತೆ ಕಟ್ತೀನಿ. ನೀನು ಇನ್ಮೇಲೆ ನನಗೆ ಸುಳ್ಳು ಲೆಕ್ಕ ಹೇಳ್ಬೇಡ. ಬೇರೆ ಯಾರಾದರೂ ಹೇಳಿದ್ರೆ ತಡ್ಕೊಳ್ತೀನಿ, ನೀನು ಹೇಳಿದ್ರೆ ತಡ್ಕೊಳ್ಳೋಕಾಗಲ್ಲ."

ಅದು ಬೈಗುಳವೋ ಮೆಚ್ಚುಗೆಯೋ ಸೊಸೆಗೆ ತಿಳಿಯಲಿಲ್ಲ. ಮದುವೆಯಾಗಿ ಬಂದ ಆರು ವರ್ಷದಲ್ಲಿ ಅತ್ತೆಯಿಂದ ಅಂಥ ಮಾತು ಕೇಳಿರಲಿಲ್ಲ. ಅವಳು ಒಲೆಯ ಕಡೆ ತಿರುಗಿ ಮಾವ ಇಟ್ಟಿದ್ದ ಆಲೂಗಡ್ಡೆ ಕಲಕತೊಡಗಿದಳು.

ವಿಚಾರಣೆಯ ದಿನ ಕೋಣೆಯಲ್ಲಿ ಮೂವರಿದ್ದರು. ಪ್ರಿನ್ಸಿಪಾಲರು, ಗಣಿತದ ಮೇಷ್ಟ್ರು, ಆಡಳಿತ ಮಂಡಳಿಯ ಕಡೆಯಿಂದ ದಪ್ಪ ಕನ್ನಡಕದ ಒಬ್ಬ ಮುದುಕರು. ಹನ್ನೊಂದು ಜನ ಎದುರಿನ ಬೆಂಚುಗಳಲ್ಲಿ ಒತ್ತಿಕೊಂಡು ಕುಳಿತರು. ಸೊಸೆ ತನ್ನ ಶಾಲೆಗೆ ಅರ್ಧ ದಿನ ರಜೆ ಹಾಕಿ ಬಂದು ಬಾಗಿಲ ಬಳಿ ನಿಂತಿದ್ದಳು. ಒಳಗೆ ಬರಲು ಬಿಟ್ಟಿರಲಿಲ್ಲ.

ಅತ್ತೆ ಎದ್ದು ಮೊದಲು ತಮ್ಮ ಪತ್ರಿಕೆಯ ನಕಲನ್ನೇ ಮೇಜಿನ ಮೇಲಿಟ್ಟರು. ಇದರಲ್ಲಿ ನನಗೆ ನಾಲ್ಕು ಅಂಕ ಹೆಚ್ಚಿಗೆ ಬಂದಿದೆ, ಕಳೆಯಿರಿ ಎಂದರು. ಮೇಷ್ಟ್ರು ಗಾಬರಿಯಿಂದ ಎಳೆದುಕೊಂಡು ನೋಡಿದರು. ಅವರ ಕಿವಿ ಕೆಂಪಾಯಿತು. ಚಿಕ್ಕ ವಯಸ್ಸಿನ ಮನುಷ್ಯ, ಮೂರು ಕಡೆ ಪಾಠ ಮಾಡುತ್ತಿದ್ದರು.

ಪ್ರಿನ್ಸಿಪಾಲರ ಮುಖ ಮಾತ್ರ ಅರಳಿತು. "ಹಾಗಾದ್ರೆ ಹೇಗೆ ಲೆಕ್ಕ ಹಾಕಿದ್ರೂ ನಿಮಗೆ ಡಿ ಅಂತಲೇ ಆಯ್ತು. ಇನ್ನು ಈ ಅರ್ಜಿಗೆ ಅರ್ಥ ಇಲ್ಲ."

"ನನ್ನದು ಡಿ ಸಾರ್. ನಾನೇ ಹೇಳಿದೆ. ಇನ್ನು ಹತ್ತು ಜನ ಇದ್ದಾರೆ, ಅವರ ಲೆಕ್ಕ ಮಾಡಿ." ಅವರು ನಿಯಮಗಳ ಪುಸ್ತಕವನ್ನು ಆ ಪುಟಕ್ಕೇ ತೆರೆದು ಮುದುಕರ ಮುಂದೆ ಇಟ್ಟರು. "ಲೆಕ್ಕ ಹಾಕೋಕೆ ಪುರುಸೊತ್ತಿಲ್ಲ ಅಂದ್ರೆ ಹಾಳೆ ಕೊಡಿ. ಈಗ ನಮಗೆ ಹಾಕೋಕೆ ಬರುತ್ತೆ."

ಬೆಂಚಿನಲ್ಲಿ ಯಾರೋ ನಕ್ಕರು. ಮುದುಕರು ಕನ್ನಡಕ ಎತ್ತಿ ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ಮೇಷ್ಟ್ರನ್ನು, ಪುಸ್ತಕದಲ್ಲಿ ಹೀಗಿದೆ, ನೀವು ಹೀಗೆ ಮಾಡಿದ್ದೀರಾ ಎಂದು ಕೇಳಿದರು. ಮೇಷ್ಟ್ರು ಪ್ರಿನ್ಸಿಪಾಲರ ಕಡೆ ನೋಡಲಿಲ್ಲ. ಇಲ್ಲ, ಹಿಂದಿನವರು ಕಂಪ್ಯೂಟರಿನಲ್ಲಿ ಮಾಡಿಟ್ಟಿದ್ದನ್ನೇ ಬಳಸಿದೆ, ಬಿಚ್ಚಿ ನೋಡಿರಲಿಲ್ಲ, ತಪ್ಪು ನನ್ನದು ಎಂದರು. ಅಷ್ಟು ಹೇಳಿದ ಮೇಲೆ ಉಳಿದದ್ದು ಕೂಡುವುದು, ಕಳೆಯುವುದು ಮಾತ್ರ. ಮುದುಕರು ಅದನ್ನು ಅಲ್ಲೇ, ಎಲ್ಲರೆದುರಿಗೇ ಮಾಡಿಸಿದರು. ಒಂದೊಂದು ಸಂಖ್ಯೆ ಓದಿದಾಗಲೂ ಬೆಂಚಿನಲ್ಲಿ ಒಬ್ಬರು ಉಸಿರು ಬಿಡುತ್ತಿದ್ದರು. ಏಳು ಜನ ಐವತ್ತು ದಾಟಿದರು. ಬೇಕರಿಯವನಿಗೆ ಐವತ್ತೊಂಬತ್ತು ಬಂತು. ಗುಂಗುರುವಿಗೆ ಐವತ್ತೊಂದು. ಮೂವರು ಡಿಯಲ್ಲೇ ಉಳಿದರು. ನಾಲ್ಕನೆಯವರು ಅತ್ತೆ.

ಹೊರಗೆ ಬಂದಾಗ ಗುಂಗುರು ಅವರ ಕೈ ಹಿಡಿದುಕೊಂಡಳು. ಲಾಂಡ್ರಿಯಲ್ಲಿ ಸೂಪರ್‌ವೈಸರ್ ಜಾಗಕ್ಕೆ ಅರ್ಜಿ ಹಾಕಬಲ್ಲವರು ಇಬ್ಬರೇ ಇದ್ದರು. ಈಗ ಒಬ್ಬಳೇ ಉಳಿದಳು ಎಂಬುದು ಇಬ್ಬರಿಗೂ ಗೊತ್ತಿತ್ತು.

ಗುಂಗುರು ಸೂಪರ್‌ವೈಸರ್ ಆದ ವಾರ ಮನೆಯಲ್ಲಿ ಮತ್ತೊಂದು ಜಗಳವಾಯಿತು. ಮಗನ ಸಿಟ್ಟು ಈ ಸಲ ನಿಜವಾದದ್ದು. ಇಪ್ಪತ್ತೆರಡು ವರ್ಷ ದುಡಿದವಳು ಒಂಬತ್ತು ವರ್ಷದವಳ ಕೈಕೆಳಗೆ ನಿಲ್ಲಬೇಕು, ಅದೂ ನಿನ್ನ ಕೈಯಾರೆ ಮಾಡಿಕೊಂಡದ್ದು ಎಂದ. ನನಗೆ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ನಿಂತಾಗಲೂ ಇದೇ ಯೋಚನೆ ಬರುತ್ತದೆ ಎಂದ. ಅವನ ಕಣ್ಣು ತುಂಬಿದ್ದನ್ನು ಕಂಡು ಅತ್ತೆ ದನಿ ಏರಿಸಲಿಲ್ಲ.

"ಅವಳ ಅಂಕ ಅವಳಿಗೆ ಸಿಕ್ತು. ನಾನು ಅವಳಿಗೆ ಏನೂ ಕೊಟ್ಟಿಲ್ಲ ಕಣೋ, ನಂದೇನೂ ಹೋಗಿಲ್ಲ," ಎಂದರು. "ನಂಗೆ ಬೇಜಾರಿಲ್ಲ ಅಂತ ಹೇಳ್ತಿಲ್ಲ. ಬೇಜಾರಿದೆ. ಅದಕ್ಕೇ ಮತ್ತೆ ಕಟ್ತೀನಿ ಅಂತಿರೋದು."

ಅದೇ ಭಾನುವಾರ ಗುಂಗುರು ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದು ಬಾಗಿಲಲ್ಲೇ ಅಳತೊಡಗಿದಳು. ಈ ಕೆಲಸ ಬೇಡ ಎಂದು ಬರೆದುಕೊಡುತ್ತೇನೆ ಎಂದಳು. ಅತ್ತೆ ಅವಳ ಕೈಯಿಂದ ಚೀಲ ತೆಗೆದುಕೊಂಡರು. ಬರೆದುಕೊಟ್ಟರೆ ಹೊರಗಿನಿಂದ ಯಾರನ್ನೋ ತಂದು ಕೂರಿಸುತ್ತಾರೆ, ಆಮೇಲೆ ಇಬ್ಬರೂ ಸೇರಿ ಅಳಬಹುದು, ಈಗ ಒಳಗೆ ಬಂದು ಹಣ್ಣು ಸುಲಿ ಎಂದರು. ಆ ದಿನ ಐದೂ ಜನ ಕೂತು ಇಡೀ ಚೀಲ ಮುಗಿಸಿದರು. ಮಾವ ಬೀಜಗಳನ್ನು ಎಣಿಸಿ ಕಾಗದದಲ್ಲಿ ಕಟ್ಟಿಟ್ಟರು. ಯಾಕೆ ಎಂದು ಕೇಳಿದರೆ, ಈ ಮನೆಯಲ್ಲಿ ಎಣಿಸದವನಿಗೆ ಬೆಲೆ ಇಲ್ಲ ಎಂದರು.

ಮರುಪರೀಕ್ಷೆಗೆ ಮೂರು ತಿಂಗಳಿತ್ತು. ಅತ್ತೆ ಸೊಸೆ ಬೆಳಗ್ಗೆ ಐದೂವರೆಗೆ ಎದ್ದು ಮೇಜಿನ ಎದುರುಬದುರು ಕೂರುತ್ತಿದ್ದರು. ಭಿನ್ನರಾಶಿ, ಶೇಕಡಾ, ವಿಸ್ತೀರ್ಣ. ಸೊಸೆ ಇಲ್ಲಿಯೂ ಅರ್ಧ ಅಂಕ ಕಡಿಯುತ್ತಿದ್ದಳು, ಅತ್ತೆ ವಾದ ಮಾಡುತ್ತಿದ್ದರು. ಅಕ್ಕಪಕ್ಕದವರು ಬೆಳಬೆಳಗ್ಗೆ ಅತ್ತೆ ಸೊಸೆ ಜಗಳ ಶುರುವಾಯಿತು ಎಂದುಕೊಂಡು ಕಿಟಕಿ ಹಾಕಿಕೊಳ್ಳುತ್ತಿದ್ದರು. ಟೀ ಮಾಡುವ ಕೆಲಸ ಮಗನಿಗೆ ಬಂತು. ಮೊದಲ ವಾರ ಗೊಣಗಿದ. ಎರಡನೇ ವಾರ ಟೀ ಇಟ್ಟು ಅಲ್ಲೇ ನಿಂತು, ಇದು ಹೇಗೆ ಬಂತು ಎಂದು ಕೇಳಿದ. ಮಾವನ ಅನ್ನ ಅಷ್ಟರಲ್ಲಿ ಅನ್ನದಂತೆಯೇ ಆಗತೊಡಗಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಎರಡನೇ ಸಲ ಬಡಿಸಿಕೊಂಡರು ಅಷ್ಟೆ.

ಆ ಮೂರು ತಿಂಗಳಲ್ಲೇ ಸೊಸೆಯ ಶಾಲೆಯಲ್ಲೂ ಅಂಕಪಟ್ಟಿಯ ಕೆಲಸ ಬಂತು. ಸೀತಾಳೆ ಸಿಡುಬಿನಿಂದ ಪರೀಕ್ಷೆ ತಪ್ಪಿಸಿಕೊಂಡ ನಾಲ್ಕು ಮಕ್ಕಳಿದ್ದರು. ಅವಳು ಅವರಿಗೆ ಸೊನ್ನೆ ಹಾಕದೆ, ಬರೆದ ಪರೀಕ್ಷೆಗಳ ಮೇಲೆಯೇ ಲೆಕ್ಕ ಹಾಕಿ ಶ್ರೇಣಿ ಕೊಟ್ಟಳು. ಮುಖ್ಯೋಪಾಧ್ಯಾಯಿನಿ ಕರೆದು, ಹತ್ತು ವರ್ಷದಿಂದ ಇಲ್ಲದ ಹೊಸ ಪದ್ಧತಿ ಯಾಕೆ, ತಿದ್ದಿ ತನ್ನಿ ಎಂದರು. ಹತ್ತು ವರ್ಷವೂ ನಾನು ತಪ್ಪು ಮಾಡಿದೆ, ಇನ್ನು ಮಾಡುವುದಿಲ್ಲ ಎಂದಳು ಸೊಸೆ. ದೊಡ್ಡ ತರಗತಿಯನ್ನು ಅವಳಿಂದ ತೆಗೆದು ಚಿಕ್ಕ ಮಕ್ಕಳ ತರಗತಿ ಕೊಟ್ಟರು. ಆದರೆ ಪಟ್ಟಿಯಲ್ಲಿ ಸೊನ್ನೆ ಬೀಳಲಿಲ್ಲ. ತಿದ್ದಲು ಬೇರೆ ಯಾವ ಟೀಚರೂ ಒಪ್ಪಲಿಲ್ಲ.

ಇದನ್ನು ಅವಳು ಮನೆಯಲ್ಲಿ ತರಕಾರಿ ಹೆಚ್ಚುತ್ತ ಹೇಳಿದಳು. ಅತ್ತೆ, "ಚಿಕ್ಕ ಮಕ್ಕಳನ್ನಾದ್ರೂ ಅರ್ಧ ಅಂಕಕ್ಕೆ ಅಳಿಸ್ಬೇಡ," ಎಂದರು.

"ಸೆಂಟಿಮೀಟರ್ ಬರೀದೇ ಇದ್ರೆ ಅಳಿಸ್ತೀನಿ."

"ಅಳಿಸು ಮತ್ತೆ," ಎಂದು ಅತ್ತೆ ನಕ್ಕುಬಿಟ್ಟರು.

ಮರುಪರೀಕ್ಷೆಯ ಫಲಿತಾಂಶ ಬಂದ ದಿನ ಕಿಟಕಿಯ ಗುಮಾಸ್ತ ಅತ್ತೆಯನ್ನು ಕಂಡೊಡನೆ ಕೇಳುವ ಮೊದಲೇ ರಿಜಿಸ್ಟರ್ ತೆರೆದ. ಒಟ್ಟು ಅರವತ್ತಮೂರು, ಬಿ. ಅತ್ತೆ ಅಲ್ಲೇ ನಿಂತು ಬಿಡಿ ಅಂಕಗಳನ್ನೆಲ್ಲ ಬರೆಸಿಕೊಂಡು, ಕೂಡಿ ನೋಡಿ, ಸರಿಯಾಗಿದೆ ಎಂದ ಮೇಲೆ ಸಾಲು ಬಿಟ್ಟರು. ಅಂದು ಮನೆಯಲ್ಲಿ ಮಗ ಹೊರಗಿನಿಂದ ಊಟ ತರುತ್ತೇನೆ ಎಂದ. ಮಾವನಿಗೆ ಅವಮಾನವಾಯಿತು. ನಾನು ಬದುಕಿರುವಾಗ ಹೊರಗಿನ ಊಟವೇ ಎಂದು ಒಲೆ ಹಚ್ಚಿದರು.

ನಾಲ್ಕು ತಿಂಗಳ ನಂತರ ಆಸ್ಪತ್ರೆಯ ಹೊಸ ಕಟ್ಟಡ ತೆರೆಯಿತು. ಅಲ್ಲಿಯ ಲಾಂಡ್ರಿಗೆ ಇನ್ನೊಬ್ಬ ಸೂಪರ್‌ವೈಸರ್ ಬೇಕಾಗಿ ಅರ್ಜಿ ಕರೆದರು. ಗುಂಗುರು ಆ ನೋಟಿಸನ್ನು ತಾನೇ ತಂದು ಅತ್ತೆಯ ಕೈಗೆ ಕೊಟ್ಟಳು.

ಸಂದರ್ಶನದ ಕೋಣೆಯಲ್ಲಿ ವ್ಯವಸ್ಥಾಪಕರೊಬ್ಬರೇ ಇದ್ದರು. ಅವರು ಪ್ರಮಾಣಪತ್ರ ನೋಡಿದರು, ಹಿಂದಿನ ಇಪ್ಪತ್ತೆರಡು ವರ್ಷದ ದಾಖಲೆ ತಿರುಗಿಸಿದರು. ಆಮೇಲೆ ಕುರ್ಚಿಗೆ ಒರಗಿ, "ನೀವು ಶಾಲೇಲಿ ದೊಡ್ಡ ಜಗಳ ಮಾಡಿದ್ರಂತೆ," ಎಂದರು.

"ಅಂತೆ ಏನು ಸಾರ್, ಮಾಡಿದೆ. ಇಲ್ಲೂ ಲೆಕ್ಕ ತಪ್ಪಿದ್ರೆ ಮಾಡ್ತೀನಿ. ಅಂಥವರು ಬೇಡ ಅಂದ್ರೆ ಈಗ್ಲೇ ಹೇಳಿ, ಲಾಂಡ್ರೀಲಿ ಹದಿನೆಂಟು ಗಂಟು ಬಟ್ಟೆ ಕಾಯ್ತಿದೆ."

ವ್ಯವಸ್ಥಾಪಕರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು. ಹೋದ ವರ್ಷ ಹೊಸ ಹೊದಿಕೆಗಳ ಲೆಕ್ಕ ಮೂರು ಸಲ ತಪ್ಪಿ ಅವರೇ ಮೇಲಿನವರಿಂದ ಮಾತು ಕೇಳಿದ್ದರು. ಕೊನೆಗೆ ಆದೇಶದ ಹಾಳೆಯನ್ನು ಎಳೆದುಕೊಂಡು ಸಹಿ ಹಾಕಿದರು.

"ಸೋಮವಾರದಿಂದ ಬನ್ನಿ. ಮೊದಲೇ ಹೇಳಿರ್ತೀನಿ, ಈ ಕೆಲಸದಲ್ಲಿ ಸಂಜೆ ತಡ ಆಗುತ್ತೆ."

"ಮಂಗಳವಾರ, ಶುಕ್ರವಾರ ಆಗೋಲ್ಲ ಸಾರ್. ಆರಕ್ಕೆ ಸರಿಯಾಗಿ ಹೊರಡ್ಬೇಕು."

"ಯಾಕೆ, ಮನೇಲಿ ಅಡುಗೆ ಮಾಡೋರಿಲ್ವಾ?"

"ಇದ್ದಾರೆ," ಎಂದರು ಅತ್ತೆ, ಆದೇಶವನ್ನು ನಾಲ್ಕಾಗಿ ಮಡಿಚುತ್ತ. "ಮುಂದಿನ ಕ್ಲಾಸಿಗೆ ಸೇರಿದೀನಿ."